ಅಳಿಸಲೇ ಎಂದು ಕೇಳಿದ ಕಂಪ್ಯೂಟರ್

ಗೆಳತಿಯರೇ, ಇಂದು ಮೂಡಲಗಿಯ ನಮ್ಮ ಫೋಟೋ ಸ್ಟುಡಿಯೋದಲ್ಲಿ ಸ್ವಲ್ಪದರಲ್ಲಿ ಒಂದು ಮದುವೆ ಉಳಿಯಿತು. ವಿಡಿಯೋಗಳಿದ್ದ ಡಿಸ್ಕ್ ಕೆಟ್ಟಿತ್ತು. ಉಳಿದ ಒಂದೇ ಪ್ರತಿ ಇದ್ದ ಬ್ಯಾಕಪ್ ಡಿಸ್ಕ್‌ನಿಂದ, ಹೊಸ ಡಿಸ್ಕ್ ಅಳಿಸಿ ಅದಕ್ಕೆ ತುಂಬಿಸಲು ಮಗ ಕಂಪ್ಯೂಟರ್‌ನ ಲಿನಕ್ಸ್‌ನಲ್ಲಿ ಕಮಾಂಡ್ ಬರೆಯುತ್ತಿದ್ದ. ತಮ್ಮ ಮಗಳ ಮದುವೆಯ ವಿಡಿಯೋ ಒಯ್ಯಲು ಬಂದ ಅರಭಾವಿಯ ಕಾಕಾ ಎದುರಿಗೇ ಕುಳಿತಿದ್ದರು.

"ಎಲ್ಲಾ ಅಳಸ್ಲೇನು ಅಂತ ಕೇಳಾಕತ್ತೈತಿ. ಹೂಂ ಅಂದ್ರ ಮುಗೀತವ್ವಾ," ಎಂದ ಮಗ.

"ಕೈ ತಗಿ. ಯಾವ ಡಿಸ್ಕ್ ಅಳಸ್ತೈತಿ? ಹೆಸರು ಓದು," ಎಂದೆ.

ಓದಿದ. ಮುಖ ಬಿಳಿಚಿತು. ಅದು ಬ್ಯಾಕಪ್ ಡಿಸ್ಕ್‌ನ ಹೆಸರು.

ಕಾಕಾ ಎದ್ದು ನಿಂತರು. "ನಮ್ಮ ಮದುವಿ ಹೋತೇನ್ರೀ ಅಕ್ಕಾರ?"

"ನಾ ಇರೂತನಕ ಹೋಗೂದಿಲ್ಲ. ಕುಂದರ್ರಿ."

ಹೊಸ ಡಿಸ್ಕ್‌ನ ಹೆಸರಿಗೆ ತಿದ್ದಿಸಿದೆ, ಗಟ್ಟಿಯಾಗಿ ಓದಿಸಿದೆ, ಆಮೇಲೆ ಒತ್ತಲು ಬಿಟ್ಟೆ. ವಿಡಿಯೋ ಪೂರ್ತಿ ಬಂತು.

ನಮ್ಮಲ್ಲಿ ಕೆಡಿಸುವ ಮುಂಚೆ ಕೇಳುವುದು ಆ ಕಂಪ್ಯೂಟರ್ ಒಂದೇ. ಅದಕ್ಕೂ ಇವನು ಓದದೇ ಹೂಂ ಅನ್ನಲು ಹೊರಟಿದ್ದ.