ಚಿಕ್ಕಮಲ್ಲಮ್ಮನ ಮುಯ್ಯಿ

ಸೋಮಮ್ಮ ಒಲೆಯ ಬೂದಿ ತೋಡಬೇಕು, ಸಗಣಿ ಬಾಚಬೇಕು, ಎಮ್ಮೆಗೆ ಹುಲ್ಲು ಹಾಕಿ ಹಾಲು ಕರೆಯಬೇಕು. ರಾತ್ರಿಯ ಪಾತ್ರೆ ತಿಕ್ಕಬೇಕು, ಸಾರು ಕುದಿಸಬೇಕು, ಮುದ್ದೆ ತೊಳಸಿ ಮುಚ್ಚಿಡಬೇಕು. ಗಂಡ ಬೋರಯ್ಯ ಏಳುವ ಹೊತ್ತಿಗೆ ಮುದ್ದೆ ಆರಿರುತ್ತದೆ. ಅದಕ್ಕೆ ಬೈಗುಳ ಬೇರೆ. ಇಷ್ಟೂ ಕೋಳಿ ಕೂಗುವುದರೊಳಗೆ ಆಗಬೇಕು. ಮೊದಲಾದರೆ ಹೊತ್ತೇರಿದ ಮೇಲೆ ಹೊಲಕ್ಕೆ ಇಳಿದರೂ ನಡೆಯುತ್ತಿತ್ತು. ಈಗಿನ ಬಿಸಿಲಿಗೆ ತೆರಕಣಾಂಬಿ ಸುತ್ತಿನ ಹೊಲಗಳಲ್ಲೆಲ್ಲ ಕೆಲಸ ನಸುಕಿಗೆ ಸರಿದಿದೆ. ಹೊಲದ ಕೆಲಸ ಸರಿದಷ್ಟೂ ಮನೆಗೆಲಸ ಸೋಮಮ್ಮನ ನಿದ್ದೆಯೊಳಕ್ಕೆ ಸರಿಯಿತು. ಬೋರಯ್ಯನ ನಿದ್ದೆ ಇದ್ದಲ್ಲೇ ಇದೆ.

ಸೋಮಮ್ಮನಿಗೂ ಪಕ್ಕದ ಬೀದಿಯ ಚಿಕ್ಕಮಲ್ಲಮ್ಮನಿಗೂ ಅರ್ಧರ್ಧ ಎಕರೆ ಸಣ್ಣ ಈರುಳ್ಳಿ. ಆಳು ಕರೆಯುವ ಶಕ್ತಿ ಇಬ್ಬರಿಗೂ ಇರಲಿಲ್ಲ. ಮದುವೆಯಾಗಿ ಈ ಊರಿಗೆ ಬಂದಾಗಿನಿಂದ ಮುಯ್ಯಾಳು: ಇವಳ ಹೊಲಕ್ಕೆ ಅವಳೊಂದು ದಿನ ಬಂದರೆ, ಅವಳ ಹೊಲಕ್ಕೆ ಇವಳೊಂದು ದಿನ. ಮುಯ್ಯಿಯನ್ನು ಮೈಯಿಂದಲೇ ತೀರಿಸಬೇಕು, ದುಡ್ಡು ಸಲ್ಲದು.

ಹೋದ ತಿಂಗಳು ಸೋಮಮ್ಮನ ಹೊಲದಲ್ಲಿ ಈರುಳ್ಳಿ ಕೀಳುತ್ತಿದ್ದಾಗ ಪಡುವಣದಲ್ಲಿ ಮೋಡ ಕಟ್ಟಿತು. ಈಗ ಮಳೆಗೆ ಕಾಲವೆಂಬುದಿಲ್ಲ, ಗಡ್ಡೆ ನೆನೆದರೆ ಕೊಳೆಯುತ್ತದೆ. ನೆತ್ತಿ ಸುಡುತ್ತಿದ್ದರೂ ಇಬ್ಬರೂ ಏಳಲಿಲ್ಲ. ಚಿಕ್ಕಮಲ್ಲಮ್ಮ ಬೆಳಗಿನಿಂದ ನೀರು ಕುಡಿದಿರಲಿಲ್ಲ. ಮರೆಗೆ ಹೋಗಲು ಒಂದು ಪೊದೆಯೂ ಇಲ್ಲದ ಬಯಲು. ಅಲ್ಲಿ ಹೆಂಗಸರು ನೀರು ಕುಡಿಯುವುದಿಲ್ಲ. ಕೂತಲ್ಲೇ ಮಗ್ಗುಲಿಗೆ ವಾಲಿದಳು. ಆಟೋ ಗುಂಡ್ಲುಪೇಟೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮಳೆ ಬರಲೇ ಇಲ್ಲ.

ಸೋಮಮ್ಮ ಅಳಲಿಲ್ಲ. ಗೆಳತಿ ಮಣ್ಣಾದ ಸಂಜೆಯೂ ಎಮ್ಮೆ ಕರೆದಳು, ಪಾತ್ರೆ ತಿಕ್ಕಿದಳು. ಅಳು ಬರುತ್ತದೇನೋ ಎಂದು ಕಾದಳು. ಬರಲಿಲ್ಲ, ಹಾಸಿಗೆ ಹಾಸಿದಳು.

ತಿಥಿ ಕಳೆದ ಮೇಲೆ ಚಿಕ್ಕಮಲ್ಲಮ್ಮನ ಸೊಸೆ ಲಕ್ಷ್ಮಿದೇವಿ ಬಾಗಿಲಲ್ಲಿ ನಿಂತಳು. ಅವರ ಈರುಳ್ಳಿಯೂ ಕೀಳಲು ಬಂದಿತ್ತು, ಕಂಕುಳಲ್ಲಿ ಕೂಸಿತ್ತು.

"ಕೇಳಕ್ಕೆ ಬಾಯಿ ಬತ್ತಿಲ್ಲ ದೊಡ್ಡವ್ವ. ನಮ್ಮತ್ತೆ ಮುಯ್ಯಿ ನಿಮ್ಮತ್ರ ಅದ."

ಒಳಗಿನಿಂದ ಬೋರಯ್ಯ ಹೆಂಡತಿಗೆ ಹೇಳಿದ: "ಸತ್ತೋಳ ಮುಯ್ಯಿ ಸತ್ತೋಯ್ತು ಕಣಮ್ಮಿ. ನೀ ಕೂಲಿಗೋಗು."

"ಅದ್ನ ಅವ್ಳೇ ಬಂದು ಯೋಳ್ಲಿ ಬುಡು," ಎಂದಳು ಸೋಮಮ್ಮ.

ಮರುದಿನ ನಸುಕಿಗೇ ಹೋದಳು. ಅವಳೂ ಲಕ್ಷ್ಮಿದೇವಿಯೂ ಸಾಲು ಹಿಡಿದು ಕಿತ್ತರು. ಹೊತ್ತೇರುತ್ತಿದ್ದಂತೆ ಅದೇ ಪಡುವಣದಲ್ಲಿ ಅಂಥದೇ ಮೋಡ. ಅಷ್ಟರಲ್ಲಿ ಬೀದಿ ನಲ್ಲಿಗೆ ನೀರು ಬಂತೆಂದು ಯಾರೋ ಕೂಗಿದರು. ಇವತ್ತು ಬಿಟ್ಟರೆ ಮತ್ತೆಂದು ಬರುವುದೋ.

"ಹಿಡ್ಕಂಡು ಬತ್ತೀನಿ. ಮಿಕ್ಕಿರದ ಕಿತ್ತಾಕ್ಬುಡಿ ದೊಡ್ಡವ್ವ," ಎಂದು ಲಕ್ಷ್ಮಿದೇವಿ ಕೂಸನ್ನೆತ್ತಿಕೊಂಡು ಓಡಿದಳು.

ಸೋಮಮ್ಮ ಒಬ್ಬಳೇ ಉಳಿದಳು. ಕಿವಿ ಗುಯ್ಯೆನ್ನುತ್ತಿತ್ತು, ನಾಲಗೆ ಅಂಗುಳಕ್ಕೆ ಅಂಟಿತ್ತು. ಹಿಡಿದ ಗಡ್ಡೆ ತನ್ನ ಕೈಯಲ್ಲಿದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಈಗ ಎದ್ದರೆ ಮುಯ್ಯಿ ಅರ್ಧ. ಮಳೆ ಹೊಡೆದರೆ ಆ ಹುಡುಗಿಗೆ ಈ ಬೆಳೆಯಿಲ್ಲ. ಮುಯ್ಯಿ ತಪ್ಪಿದವಳೆಂದು ನಾಳೆಯಿಂದ ಸೋಮಮ್ಮನ ಹೊಲಕ್ಕೆ ಯಾವ ಹೆಂಗಸೂ ಬರುವುದಿಲ್ಲ. ಏಳದಿದ್ದರೆ ಏನಾಗುತ್ತದೆಂಬುದನ್ನೂ ಅವಳು ಹತ್ತಿರದಿಂದ ನೋಡಿದ್ದಳು.

ಕೈಯಲ್ಲಿದ್ದುದನ್ನು ಕೆಳಗಿಟ್ಟಳು. ಬೆಳಗಿನಿಂದ ಮುಟ್ಟದೆ ಇಟ್ಟಿದ್ದ ಬಾಟಲಿಯ ನೀರನ್ನು ತಳ ಕಾಣುವವರೆಗೆ ಕುಡಿದಳು. ರಸ್ತೆಯಲ್ಲಿ ಬಸ್ಸು ಬರುತ್ತಿದೆಯೇ ಎಂದು ನೋಡದೆ ಬದುವಿನ ಪಕ್ಕದಲ್ಲೇ ಉಚ್ಚೆಗೆ ಕೂತಳು. ಆಮೇಲೆ, ಸಾಲುಗಳ ಕಡೆ ತಿರುಗದೆ, ಆಚೆ ಹೊಲದ ಬೇವಿನ ನೆರಳಿಗೆ ನಡೆದು ಸೆರಗು ಹಾಸಿ ಮಲಗಿದಳು.