ಬೆನ್ನುಡಿಯಲ್ಲಿದ್ದ ನೆಂಟ

ಮೊನ್ನೆ ಅಜ್ಜಂಪುರದ ಬಸ್ ಸ್ಟ್ಯಾಂಡಿನಲ್ಲಿ ತರೀಕೆರೆ ಬಸ್ಸಿಗೆ ಕಾಯುತ್ತ, ಹೊತ್ತು ಹೋಗದೆ, ಫೋನಿನಲ್ಲಿ ಆ ಅಮೆರಿಕದ ಲೇಖಕನ ಹೆಸರು ಹುಡುಕಿದೆ. ಸಿಕ್ಕಿದ. ಹುಟ್ಟಿದ ಊರು, ಮಾಡಿದ ಕೆಲಸಗಳು, ಬರೆದ ಪತ್ತೇದಾರಿ ಕಾದಂಬರಿಗಳ ಉದ್ದನೆಯ ಪಟ್ಟಿ, ಕೊನೆಗೆ ಸತ್ತ ಸುದ್ದಿ. ದೂರದ ನೆಂಟರು ಹೋದದ್ದು ತಡವಾಗಿ ತಿಳಿದರೆ ಆಗುತ್ತದಲ್ಲ, ಅಂಥ ಸಂಕಟವಾಯಿತು. ಜೊತೆಗೆ ಸಿಟ್ಟೂ ಬಂತು. ಅವನ ಬಗ್ಗೆ ಅಷ್ಟುದ್ದ ಬರೆದವರು ಬೀರೂರಿನ ವಿಷಯ ಒಂದು ಸಾಲೂ ಬರೆದಿಲ್ಲ! ಪಾಪ, ಅವರಿಗೆ ಹೇಗೆ ಗೊತ್ತಿರಬೇಕು ಎಂದು ಆಮೇಲೆ ಹೊಳೆಯಿತು. ಅಷ್ಟರಲ್ಲಿ ಬಸ್ಸು ಹೋಗಿತ್ತು.

ಅಪ್ಪ ಬೀರೂರು ಜಂಕ್ಷನ್ನಿನಲ್ಲಿ ಪಾರ್ಸೆಲ್ ಗುಮಾಸ್ತರಾಗಿದ್ದರು. ಸ್ಟೇಷನ್ ರಸ್ತೆಯಲ್ಲಿ ಹಳೇ ಪೇಪರ್ ಅಂಗಡಿಯೊಂದಿತ್ತು. ರೈಲಿನಲ್ಲಿ ಓದಿ ಬಿಟ್ಟುಹೋದ ಇಂಗ್ಲಿಷ್ ಪುಸ್ತಕಗಳು ಹೇಗೋ ಅಲ್ಲಿಗೆ ಬಂದು ಸೇರುತ್ತಿದ್ದವು. ಅಂಗಡಿಯ ಸಾಹೇಬರಿಗೆ ಇಂಗ್ಲಿಷ್ ಬಾರದು, ಆದರೆ ಬೆನ್ನುಡಿಯ ಪಕ್ಕ ಅಚ್ಚಾಗಿದ್ದ ಆ ಲೇಖಕನ ಮುಖ ಚೆನ್ನಾಗಿ ಗೊತ್ತು. ಅವನ ಪುಸ್ತಕ ಬಂತೆಂದರೆ ತೂಕಕ್ಕೆ ಹಾಕದೆ ತೆಗೆದಿಟ್ಟು, "ಸ್ವಾಮೀ, ನಿಮ್ ದೋಸ್ತ್ ಬಂದವ್ನೆ" ಎಂದು ಅಪ್ಪನನ್ನು ಕೂಗುತ್ತಿದ್ದರು.

ಅಪ್ಪ ಕಥೆಗಿಂತ ಮೊದಲು ಬೆನ್ನುಡಿ ಓದುತ್ತಿದ್ದರು. ಅವನ ಬದುಕು ನಮಗೆ ತಿಳಿದದ್ದು ಅಲ್ಲಿಂದಲೇ. ಮೊದಲು ಮರ ಕೊಯ್ಯುವ ಮಿಲ್ಲಿನಲ್ಲಿ ಕೂಲಿ. ಆಮೇಲೆ ಲಾರಿ ಡ್ರೈವರ್. ಅಡುಗೆಮನೆಯ ಮೇಜಿನ ಮುಂದೆ ಕೂತು ಕುದುರೆ, ಪಿಸ್ತೂಲುಗಳ ಕೌಬಾಯ್ ಕಥೆ ಬರೆದ, ಯಾರೂ ಕೊಳ್ಳಲಿಲ್ಲ. ಕೊಲೆಯ ಕಥೆಗೆ ಇಳಿದ ಮೇಲೆ ಕೈ ಹಿಡಿಯಿತು. ಫೋಟೋದಲ್ಲಿ ಮೊದಲು ತಲೆ ತುಂಬ ಕೂದಲಿತ್ತು, ಬರಬರುತ್ತ ಹಣೆ ದೊಡ್ಡದಾಯಿತು. ಕೊನೆಯ ಸಾಲು ಮಾತ್ರ ಬದಲಾಗುತ್ತಿರಲಿಲ್ಲ: ಹೆಂಡತಿ ಮತ್ತು ಎರಡು ನಾಯಿಗಳೊಂದಿಗೆ ವಾಸವಾಗಿದ್ದಾನೆ. ಅದನ್ನು ಓದಿ ಅಪ್ಪ, "ಎಲ್ಲಾ ಚೆನ್ನಾಗವ್ರೆ ಕಣೇ" ಎಂದು ಅವ್ವನಿಗೆ ವರದಿ ಒಪ್ಪಿಸುತ್ತಿದ್ದರು.

ಅವ್ವ ಬುಕ್ಕಾಂಬುಧಿಯ ಕಡೆಯವಳು, ಕನ್ನಡವನ್ನೂ ಅಕ್ಷರ ಕೂಡಿಸಿಕೊಂಡು ಓದುವವಳು. ಆದರೆ ಅವನ ಒಂದು ಪುಸ್ತಕವನ್ನೂ ಬಿಟ್ಟವಳಲ್ಲ. ಸಂಜೆ ಅಪ್ಪ ಡ್ಯೂಟಿ ಮುಗಿಸಿ ಬಂದು ಅಡುಗೆಮನೆಯ ಹೊಸ್ತಿಲ ಮೇಲೆ ಕೂತು, ಓದಿದ ಕಥೆಯನ್ನು ಕನ್ನಡದಲ್ಲಿ ಹೇಳುತ್ತಿದ್ದರು. ಅವ್ವ ಅವರೆಕಾಯಿ ಬಿಡಿಸುತ್ತಲೋ ಅಕ್ಕಿ ಆರಿಸುತ್ತಲೋ ಕೇಳುತ್ತಿದ್ದಳು. ಅಪ್ಪನ ಬಾಯಲ್ಲಿ ಅಮೆರಿಕದ ಪೊಲೀಸರು ಕಡೂರಿನ ದಫೇದಾರರ ಹಾಗೆ ಮಾತಾಡುತ್ತಿದ್ದರು. ಕಥೆ ಅರ್ಧಕ್ಕೆ ಬಂದಾಗ ಅವ್ವ ಕೇಳುತ್ತಿದ್ದುದು ಒಂದೇ ಪ್ರಶ್ನೆ.

"ರೀ, ಊಟ ಬೇಡ ಅಂದೋರು ಯಾರು ಅದ್ರಲ್ಲಿ?"

"ಆ ತಮ್ಮ ಇದಾನಲ್ಲ, ಅವನು ಹಂಗೇ ಎದ್ದು ಹೋದ."

"ಅವನೇ ಕಣ್ರೀ ಕೊಂದಿರೋದು. ತಪ್ಪು ಮಾಡ್ದೋನಿಗೆ ಅನ್ನ ಇಳೀತದಾ?"

ಹತ್ತಕ್ಕೆ ಎಂಟು ಸಲ ಅವಳು ಹೇಳಿದ್ದೇ ಸರಿಯಾಗುತ್ತಿತ್ತು. ಅಪ್ಪನಿಗೆ ಮುಖಭಂಗವಾಗುತ್ತಿತ್ತು, ಆದರೂ ಖುಷಿ. ಒಳಗೆ ಪರೀಕ್ಷೆಗೆ ಓದುವ ನೆಪದಲ್ಲಿ ನಾನು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದೆ. ಆ ಸಂಜೆಗಳು ಎಷ್ಟು ಚೆನ್ನಾಗಿದ್ದವು ಎಂದು ಆಗ ತಿಳಿಯಲಿಲ್ಲ.

ನಾನು ಕಡೂರಿಗೆ ಕಾಲೇಜಿಗೆ ಹೋಗತೊಡಗಿದ ವರ್ಷ ಅವ್ವ ತೀರಿಕೊಂಡಳು. ನಾಲ್ಕು ದಿನದ ಜ್ವರ, ಅಷ್ಟೆ. ನಮ್ಮ ಕಡೆ ಸಾವಾದ ಮನೆಗೆ ಹೋಗಿ ಮಾತಾಡಿಸಿಕೊಂಡು ಬರಬೇಕು. ಎಷ್ಟೇ ಜಗಳವಿರಲಿ, ಎಷ್ಟೇ ದೂರವಿರಲಿ, ತಪ್ಪಿಸುವ ಹಾಗಿಲ್ಲ. ಮಠದವರು ಬಂದರು, ರೈಲ್ವೆಯವರು ಬಂದರು, ಪೇಪರ್ ಅಂಗಡಿಯ ಸಾಹೇಬರು ಬಂದು ಅರ್ಧ ಗಂಟೆ ಕೂತುಹೋದರು. ಅಪ್ಪ ಎಲ್ಲರಿಗೂ "ಹೂಂ" ಎಂದರು. ಆಮೇಲೆ ಅವ್ವನ ಮಾತನ್ನೇ ಎತ್ತಲಿಲ್ಲ. ನಾನು ಎತ್ತಿದರೆ ಎದ್ದು ಹೋಗುತ್ತಿದ್ದರು. ಪುಸ್ತಕವನ್ನು ಮನಸ್ಸಿನಲ್ಲೇ ಓದಿ ಮುಚ್ಚಿಡುತ್ತಿದ್ದರು. ಅವ್ವನನ್ನು ಕಳೆದುಕೊಂಡವಳು ನಾನೂ ಅಲ್ಲವೇ ಎಂದು ನನಗೆ ಅಪ್ಪನ ಮೇಲೆ ವಿಪರೀತ ಸಿಟ್ಟಿತ್ತು. ಅವಳ ವಿಷಯ ಒಂದೇ ಒಂದು ಮಾತು ಅವರ ಬಾಯಿಂದ ಬರಲಿ ಎಂದು ಎರಡು ವರ್ಷ ಕಾದೆ.

ಹೀಗಿರುವಾಗ ಅವನ ಇನ್ನೊಂದು ಪುಸ್ತಕ ಬಂತು. ಅಪ್ಪ ಬೆನ್ನುಡಿ ಓದಿ, ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದರು. ಕೊನೆಯ ಸಾಲು ಬದಲಾಗಿತ್ತು: ಒಂದು ನಾಯಿಯೊಂದಿಗೆ ವಾಸವಾಗಿದ್ದಾನೆ.

"ಅಯ್ಯೋ ಶಿವನೇ, ಆಯಮ್ಮ ಹೋಗ್ಬಿಟ್ಲಲ್ಲೇ" ಎಂದರು.

"ನಾಯಿನೂ ಒಂದು ಹೋಗಿದೆ" ಎಂದೆ.

"ತಮಾಷೆ ಮಾಡೋ ಹೊತ್ತಾ ಇದು? ಪೆನ್ ತಗಾ. ಹೋಗಿ ಮಾತಾಡ್ಸೋಕಂತೂ ಆಗಲ್ಲ, ಕಾಗದನಾದ್ರೂ ಬರೀಬೇಕು."

ಅಪ್ಪನಿಗೆ ಓದುವ ಇಂಗ್ಲಿಷ್ ಸಲೀಸು. ಬರೆಯುವ ಇಂಗ್ಲಿಷ್ ಮಾತ್ರ ಪಾರ್ಸೆಲ್ ಆಫೀಸಿನದು: ಪೆಟ್ಟಿಗೆ ಒಡೆದಿದೆ, ಎರಡು ಮೂಟೆ ಕಡಿಮೆ ಬಂದಿವೆ. ಹಾಗಾಗಿ ಅವರು ಕನ್ನಡದಲ್ಲಿ ಹೇಳುವುದು, ನಾನು ಇಂಗ್ಲಿಷಿನಲ್ಲಿ ಬರೆಯುವುದು ಎಂದಾಯಿತು. ಗುರುತಿಲ್ಲದ ಅಮೆರಿಕನ್ನನಿಗೆ ಸಂತಾಪವಂತೆ ಎಂದು ಮುಖ ಊದಿಸಿಕೊಂಡೇ ಕೂತೆ.

"ಬರಿ. ನನ್ನ ಹೆಂಡ್ತಿನೂ ಹೋಗಿ ಎರಡು ವರ್ಷ ಆಯ್ತು. ಬಂದೋರೆಲ್ಲ ಧೈರ್ಯ ತಗಳಿ ಅಂದ್ರು. ಧೈರ್ಯ ಎಲ್ಲಿಂದ ತಗಳಾದು? ನಿಮ್ಮ ಪುಸ್ತಕ ಈಗ್ಲೂ ಓದ್ತೀನಿ. ಕೊಲೆಗಾರ ಯಾರು ಅಂತ ಗೊತ್ತಾದ ತಕ್ಷಣ ಅಡುಗೆಮನೆ ಕಡೆ ತಿರುಗ್ತೀನಿ. ಅಲ್ಲಿ ಯಾರೂ ಇರಲ್ಲ. ಗೊತ್ತಾಗಿ ಏನು ಮಾಡ್ಲಿ, ಯಾರಿಗೆ ಹೇಳ್ಲಿ? ನಿಮಗೂ ಹಂಗೇ ಆಗಿರ್ತದೆ."

ನನ್ನ ಪೆನ್ನು ನಿಂತುಹೋಯಿತು. ನಾನು ಎರಡು ವರ್ಷ ಕಾದ ಮಾತು ಅಮೆರಿಕದ ವಿಳಾಸಕ್ಕೆ ಹೋಗುತ್ತಿತ್ತು. ಅಳು ಬಂತು, ಹೊಟ್ಟೆಕಿಚ್ಚೂ ಆಯಿತು. ಆದರೂ ಒಂದು ಮಾತನ್ನೂ ಬಿಡದೆ ಬರೆದೆ. ಪುಸ್ತಕದಲ್ಲಿದ್ದ ಪ್ರಕಾಶಕರ ವಿಳಾಸ ಹಾಕಿ, ಮಾರನೇ ದಿನ ಕಾಲೇಜಿಗೆ ಹೋಗುವಾಗ ಕಡೂರಿನ ಅಂಚೆ ಕಚೇರಿಯಲ್ಲಿ ಹಾಕಿದೆ.

ಉತ್ತರ ಬರುತ್ತದೆಂದು ನಾನಂತೂ ಅಂದುಕೊಂಡಿರಲಿಲ್ಲ. ನಾಲ್ಕೈದು ತಿಂಗಳಾದ ಮೇಲೆ ಬಂತು. ಅಪ್ಪ ಡ್ಯೂಟಿಯಲ್ಲಿದ್ದರು, ನಾನೇ ಒಡೆದು ಓದಿದೆ. ಅವನ ಹೆಂಡತಿ ಸತ್ತಿರಲಿಲ್ಲ, ಅವನನ್ನು ಬಿಟ್ಟು ಹೋಗಿದ್ದಳು. ನಲವತ್ತು ಮೈಲಿ ದೂರದ ಊರಲ್ಲಿದ್ದಾಳೆ, ಎರಡನೇ ನಾಯಿಯನ್ನು ಅವಳೇ ಕರೆದುಕೊಂಡು ಹೋದಳು ಎಂದಿದ್ದ. ಮೊದಲು ಅವನು ಬರೆದದ್ದನ್ನು ಓದಿ ಕೊಲೆಗಾರ ಯಾರೆಂದು ಊಹಿಸುತ್ತಿದ್ದವಳು ಅವಳೇ ಅಂತೆ. ಈಗ ಮುಗಿಸಿದ ಮೇಲೆ ತೋರಿಸಲು ಯಾರೂ ಇಲ್ಲ, ನಿಮ್ಮ ಕಾಗದವನ್ನು ಮೇಜಿನ ಮೇಲೇ ಇಟ್ಟುಕೊಂಡಿದ್ದೇನೆ ಎಂದು ಬರೆದಿದ್ದ.

ಬದುಕಿರುವವಳಿಗಾಗಿ ಸಂತಾಪ ಹೇಳಿಬಿಟ್ಟೆವಲ್ಲ ಎಂದು ಅಪ್ಪ ಎಷ್ಟು ನೊಂದುಕೊಳ್ಳುತ್ತಾರೋ ಎಂಬ ಭಯ ನನಗೆ. ಮುಚ್ಚಿಡೋಣ ಎಂದೂ ಅನ್ನಿಸಿತು. ಆದರೆ ಅಪ್ಪನಿಗೆ ಓದಲು ಬರುತ್ತದಲ್ಲ, ಕೈಗೆ ಕೊಟ್ಟೆ. ನಿಧಾನವಾಗಿ ಓದಿದರು.

"ಸದ್ಯ, ಇದಾಳೆ" ಎಂದರು. "ಸತ್ಲು ಅಂದ್ರೆ ಆಯಸ್ಸು ಜಾಸ್ತಿ ಆಗ್ತದೆ, ಬಿಡು. ನಲವತ್ತು ಮೈಲಿ ಅಂದ್ರೆ ಇಲ್ಲಿಂದ ಶಿವಮೊಗ್ಗ ಕಣೇ! ಬೆಳಿಗ್ಗೆ ಗಾಡಿ ಹತ್ತಿದ್ರೆ ಸಂಜೆಗೆ ವಾಪಸ್ ಬರಬೌದು. ಇವನಿಗೇನು ಧಾಡಿ? ಪೆನ್ ತಗಾ. ಇರೋಳನ್ನ ಹೋಗಿ ಮಾತಾಡ್ಸಪ್ಪಾ, ನನಗೆ ಆ ಭಾಗ್ಯ ಇಲ್ಲ ಅಂತ ಬರಿ."

ಬರೆದೆ. ಅದಾಗಿ ವರ್ಷವೇ ಕಳೆದಿರಬೇಕು, ಅಮೆರಿಕದಿಂದ ಒಂದು ಪಾರ್ಸೆಲ್ ಬಂತು. ಜೀವಮಾನವೆಲ್ಲ ಊರವರ ಪಾರ್ಸೆಲ್ಲುಗಳನ್ನೇ ಎತ್ತಿಟ್ಟ ಅಪ್ಪನಿಗೆ ಬಂದ ಮೊದಲ ಪಾರ್ಸೆಲ್ ಅದು. ಒಳಗೆ ಅವನ ಹೊಸ ಪುಸ್ತಕ. ಅಪ್ಪ ಅಭ್ಯಾಸಬಲದಿಂದ ಮೊದಲು ಬೆನ್ನುಡಿ ನೋಡಿದರು. ಅಲ್ಲಿ ಈಗಲೂ ಒಂದೇ ನಾಯಿ. ಅಪ್ಪನ ಮುಖ ಸಣ್ಣಗಾಯಿತು. ಆಮೇಲೆ ಮೊದಲ ಪುಟ ತಿರುಗಿಸಿದರೆ ಅವನ ಕೈಬರಹವಿತ್ತು. ಹೋಗಿ ಮಾತಾಡಿಸಿಕೊಂಡು ಬಂದೆ, ಅವಳು ತಿರುಗಿ ಬರುವುದಿಲ್ಲ, ಆದರೂ ಹೋದದ್ದು ಒಳ್ಳೆಯದಾಯಿತು. ಇದರಲ್ಲಿ ಕೊಲೆಗಾರ ಯಾರೆಂದು ದಯವಿಟ್ಟು ನಿಮ್ಮ ಮನೆಯಲ್ಲಿ ಯಾರಿಗಾದರೂ ಹೇಳಿ.

ಅಪ್ಪ ಆ ಸಾಲನ್ನು ಎರಡು ಸಲ ಓದಿದರು. ಮುಂದಿನ ಭಾನುವಾರ ನಾನು ಅಡುಗೆಮನೆಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದೆ. ಅಪ್ಪ ಪುಸ್ತಕ ಓದಿ ಮುಗಿಸಿ, ಸಂಜೆ ಆರರ ಹೊತ್ತಿಗೆ ಬಂದು ಹೊಸ್ತಿಲ ಮೇಲೆ ಕೂತರು. ನನ್ನ ಕಡೆ ನೋಡದೆ, "ಒಬ್ಬ ಜಮೀನ್ದಾರ ಕಣಮ್ಮ, ಅವನ ಕೊಲೆ ಆಗ್ತದೆ" ಎಂದು ಶುರು ಮಾಡಿದರು. ನಾನು ಕಾಯಿ ಬಿಡಿಸುತ್ತಲೇ ಕೇಳಿದೆ. ಅರ್ಧ ಆದಾಗ ಲಾಯರೇ ಇರಬೇಕು ಎಂದೆ. ಅಲ್ಲ ಎಂದರು. ಅಡುಗೆಯವಳು ಎಂದೆ. ಅಪ್ಪ ತಲೆಯಾಡಿಸಿ ನಕ್ಕುಬಿಟ್ಟರು.

"ನಿಮ್ಮವ್ವ ಆಗಿದ್ರೆ ಇಷ್ಟೊತ್ತಿಗೆ ಹಿಡಿದುಹಾಕಿರೋಳು" ಎಂದರು.

ಎಲ್ಲ ಗೊತ್ತಿದ್ದೂ, "ಅದ್ಹೆಂಗಪ್ಪಾ ಹಿಡೀತಿದ್ಲು?" ಎಂದು ಕೇಳಿದೆ.

ಅಪ್ಪ ಪುಸ್ತಕವನ್ನು ಮಗುಚಿಟ್ಟು ಅವ್ವನ ವಿಷಯ ಹೇಳತೊಡಗಿದರು. ಕಾಯಿ ಬಿಡಿಸಿ ಮುಗಿಯಿತು, ಸಾರು ಕುದಿಯಿತು, ಮಾತು ಮುಗಿಯಲಿಲ್ಲ. ಆ ಪುಸ್ತಕ ಈಗಲೂ ನನ್ನ ಹತ್ತಿರ ಇದೆ, ನಾನು ಓದಲು ಹೋಗಿಲ್ಲ. ಅದರಲ್ಲಿ ಕೊಲೆಗಾರ ಯಾರೆಂದು ನನಗೆ ಇವತ್ತಿಗೂ ಗೊತ್ತಿಲ್ಲ.