ಎಣ್ಣೆ ಕೇಳುವ ಕೆಂಪು ದೀಪ

ಭಾವನ ಮೋಟಾರು ಸೈಕಲ್ಲು ಬೋಳಾರದ ನಮ್ಮ ಮನೆಗೆ ಬಂದದ್ದು ಭಾವ ರಜೆ ಮುಗಿಸಿ ಹೊರಟುಹೋದ ಮೇಲೆ. ಎಂಬತ್ತರ ದಶಕದ ಆರಂಭ. ಅಕ್ಕ, ಭಾವ ಇಬ್ಬರೂ ಗಲ್ಫಿನಲ್ಲಿದ್ದರು. ಭಾವ ಅಲ್ಲಿ ಓಡಿಸುತ್ತಿದ್ದ ಜಪಾನಿನ ಗಾಡಿಯನ್ನು ಊರಲ್ಲೂ ಓಡಿಸುವ ಆಸೆಯಿಂದ ಹಡಗಿಗೆ ಹಾಕಿದ್ದರು. ಅದು ಬೊಂಬಾಯಿಯ ಬಂದರಿನಲ್ಲಿ ಯಾವುದೋ ಕಾಗದಕ್ಕೆ ಕಾಯುತ್ತ ಕುಳಿತಿತು. ಇಲ್ಲಿ ಭಾವ ಗಾಡಿಗೆ ಕಾಯುತ್ತ ಕುಳಿತರು. ರಜೆ ಮೊದಲು ಮುಗಿಯಿತು. ಅವರು ಹೋಗಿ ಹತ್ತು ದಿನಕ್ಕೆ ಲಾರಿ ಬಂತು. ನಾಲ್ಕು ಜನ ಗಾಡಿಯನ್ನು ಇಳಿಸಿ, ಹೊಳೆಯ ಕಡೆಗೆ ಇಳಿಜಾರಾಗಿದ್ದ ನಮ್ಮ ಅಂಗಳದಲ್ಲಿ ಸೈಡ್ ಸ್ಟ್ಯಾಂಡಿಗೆ ಒರಗಿಸಿ ಹೋದರು.

ಅಪ್ಪ ಶಾಲೆಯ ಡ್ರಿಲ್ ಮಾಸ್ಟ್ರಾಗಿದ್ದು ಆಗಷ್ಟೇ ನಿವೃತ್ತರಾಗಿದ್ದರು. ಅದಕ್ಕೂ ಮೊದಲು ಕೆಲವು ವರ್ಷ ಸೈನ್ಯದಲ್ಲಿದ್ದು ಅಲ್ಲಿ ಮೋಟಾರು ಸೈಕಲ್ಲು ಓಡಿಸಿದ್ದವರು. "ನಾವು ಓಡಿಸಿದ್ದಕ್ಕೆ ಇದ್ದದ್ದೇ ಒಂದು ಹೆಡ್‌ಲೈಟು. ಇದರಲ್ಲಿ ದೀಪಾವಳಿಯೇ ಉಂಟಲ್ಲ ಮಾರಾಯ್ತಿ" ಎಂದು ಅಮ್ಮನನ್ನು ಕರೆದು ಮೀಟರಿನ ಕೆಳಗಿನ ಬಣ್ಣದ ಗಾಜುಗಳನ್ನು ತೋರಿಸಿದರು. ಹಸಿರು, ಕಿತ್ತಳೆ, ನೀಲಿ, ಕೊನೆಯಲ್ಲಿ ಒಂದು ಕೆಂಪು.

ಆ ಕೆಂಪಿನ ಬಗ್ಗೆ ಭಾವ ಮೊದಲೇ ಕಾಗದ ಬರೆದಿದ್ದರು. "ಗಾಡಿ ಸುಮ್ಮನೆ ನಿಂತರೆ ಹಾಳಾಗುತ್ತದೆ. ಮಾವ, ನೀವು ಓಡಿಸುತ್ತಿರಿ. ಆದರೆ ಎಣ್ಣೆಯ ಕೆಂಪು ದೀಪ ಹೊತ್ತಿದರೆ ಒಂದು ಅಡಿಯೂ ಓಡಿಸಬೇಡಿ, ಇಂಜಿನು ಜಾಮ್ ಆಗುತ್ತದೆ."

ಅಪ್ಪ ಸ್ನಾನ ಮಾಡಿ, ಬಿಳಿ ಪ್ಯಾಂಟು ಹಾಕಿ, ಗಾಡಿಯ ಮೇಲೆ ಕುಳಿತು ಕೀ ತಿರುಗಿಸಿದರು. ಕೆಂಪು ದೀಪ ಹೊತ್ತಿತು. ಅಪ್ಪ ಕೂಡಲೇ ಕೀ ಬಂದ್ ಮಾಡಿ ಇಳಿದರು.

"ಏನಾಯ್ತು?" ಎಂದು ಕೇಳಿದೆ.

"ಎಣ್ಣೆ ಇಲ್ಲ. ಬೊಂಬಾಯಿಯಲ್ಲಿ ಯಾರೋ ತೆಗೆದಿದ್ದಾರೆ."

ನಾನು ಆಗ ಅತ್ತಾವರದ ಒಂದು ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನಿಶಿಯನ್ ಆಗಲು ತರಬೇತಿ ಪಡೆಯುತ್ತಿದ್ದೆ. ಮನೆಯಲ್ಲಿ ವಿಜ್ಞಾನ ಅಂದರೆ ಕಿರಿಮಗಳಾದ ನಾನೇ. ಇಂಜಿನಿನ ಬಲಬದಿಯ ಮುಚ್ಚಳ ತಿರುಗಿಸಿದೆವು. ಮುಚ್ಚಳದ ಅಡಿಯಲ್ಲಿ ಒಂದು ಕಡ್ಡಿ, ಕಡ್ಡಿಯ ತುದಿಯಲ್ಲಿ ಮೇಲೊಂದು ಕೆಳಗೊಂದು ಗೆರೆ. ಒರೆಸಿ ಅದ್ದಿ ನೋಡಿದರೆ ತುದಿಗೆ ಒಂದು ಹನಿ ಮಾತ್ರ ಅಂಟಿತ್ತು. ಗಾಡಿ ಎಡಕ್ಕೆ ಒರಗಿ ನಿಂತಿದೆ, ಎಣ್ಣೆಯೆಲ್ಲ ಎಡಕ್ಕೆ ಹರಿದಿರುತ್ತದೆ ಎಂಬುದು ನನ್ನ ವಿಜ್ಞಾನಕ್ಕೆ ಹೊಳೆಯಲಿಲ್ಲ. "ಹೌದಪ್ಪ, ಖಾಲಿ" ಎಂದುಬಿಟ್ಟೆ.

ಅಪ್ಪ ಕಂಕನಾಡಿಗೆ ಹೋಗಿ ಅರ್ಧ ಲೀಟರಿನ ಡಬ್ಬಿ ತಂದು ಸುರಿದರು. ಕೀ ತಿರುಗಿಸಿದರು. ದೀಪ ಹೊತ್ತಿತು. ಮರುದಿನ ಇನ್ನೊಂದು ಡಬ್ಬಿ. ಈಗ ಕಡ್ಡಿಯ ಮೇಲಿನ ಗೆರೆಯವರೆಗೂ ಎಣ್ಣೆ ಬಂತು. ದೀಪ ಮಾತ್ರ ಹಾಗೆಯೇ.

"ಬಟನ್ ಒತ್ತಿ ಒಮ್ಮೆ ಸ್ಟಾರ್ಟ್ ಮಾಡಿ ನೋಡಿದರೆ ಎಂತ?" ಎಂದರು ಅಮ್ಮ.

"ದೀಪ ಹೊತ್ತಿರುವಾಗ? ಕಾಗದ ಓದಿದ್ದೀಯಲ್ಲ!" ಅಪ್ಪನಿಗೆ ಆಜ್ಞೆಯೆಂದರೆ ಆಜ್ಞೆ.

ಹಾಗಾಗಿ ಕಾಗದ ಬರೆಯಬೇಕಾಯಿತು. ಮನೆಯಲ್ಲಿ ನಾವು ಆಡುವುದು ತುಳು. ಕಾಗದ ಕನ್ನಡದಲ್ಲಿ, ನನ್ನ ಕೈಬರಹದಲ್ಲಿ. "ಎಣ್ಣೆ ತುಂಬಿಸಿದರೂ ದೀಪ ಹೊತ್ತುತ್ತಿದೆ. ಮುಂದಿನ ಕ್ರಮ ತಿಳಿಸುವುದು." ಇಪ್ಪತ್ತು ದಿನಕ್ಕೆ ಉತ್ತರ ಬಂತು. "ಸಾಕಾಗಿಲ್ಲ ಅಂತ ಕಾಣ್ತದೆ. ಇನ್ನೂ ಸ್ವಲ್ಪ ಹಾಕಿ." ಗಾಡಿಯನ್ನು ಸ್ಟಾರ್ಟೇ ಮಾಡಿಲ್ಲ ಎಂದು ನಾವು ಬರೆದಿರಲಿಲ್ಲ. ಸ್ಟಾರ್ಟ್ ಮಾಡಿದ್ದೀರಾ ಎಂದು ಅವರು ಕೇಳಲೂ ಇಲ್ಲ. ಅಂಥ ಪ್ರಶ್ನೆ ಯಾರ ತಲೆಗಾದರೂ ಯಾಕೆ ಬರಬೇಕು?

ಇನ್ನೆರಡು ಡಬ್ಬಿ ಸುರಿದೆವು. ದೀಪ ಜಗ್ಗಲಿಲ್ಲ, ಭಾವನಿಗೆ ಇನ್ನೊಂದು ಕಾಗದ ಹಾಕಿದೆವು.

ಈ ನಡುವೆ ಬೆಳಿಗ್ಗೆ ಆರು ಗಂಟೆಗೆ ದೀಪದ ತಪಾಸಣೆ ನಡೆಯುತ್ತಿತ್ತು. ಅಪ್ಪ ಕೀ ತಿರುಗಿಸಿ, ಕೈ ಹಿಂದೆ ಕಟ್ಟಿ, ಎರಡು ಮೂರು ನಿಮಿಷ ದೀಪವನ್ನೇ ನೋಡುತ್ತ ನಿಲ್ಲುವರು. ಹೆಡ್‌ಲೈಟು ಕೂಡ ಹೊತ್ತಿಕೊಂಡಿರುತ್ತಿತ್ತು. ಅದರ ಬಗ್ಗೆ ಕಾಗದದಲ್ಲಿ ಏನೂ ಇರಲಿಲ್ಲವಾದ್ದರಿಂದ ಅಪ್ಪ ಅದನ್ನು ಮುಟ್ಟಲಿಲ್ಲ. "ಈ ದೀಪ ಯಾವಾಗ ಆರುವುದೋ" ಎಂದು ನಾನು ಒಮ್ಮೆ ಅಂದಾಗ ಅಮ್ಮ ಒಳಗಿನಿಂದಲೇ ಗದರಿದರು. "ಬೆಳಿಗ್ಗೆ ಬೆಳಿಗ್ಗೆ ದೀಪ ಆರುವ ಮಾತಾಡಬೇಡ. ಶಾಂತ ಆಗಲಿ ಅನ್ನು." ಅಂದಿನಿಂದ ಮೂವರೂ ದೀಪ ಶಾಂತವಾಗಲೆಂದು ಹಾರೈಸುತ್ತಿದ್ದೆವು.

ಅದು ಫಲಿಸಿತು. ಎರಡನೆಯ ಉತ್ತರ ಬರುವ ಮೊದಲೇ ಒಂದು ಬೆಳಿಗ್ಗೆ ಅಪ್ಪ ಕೂಗಿದರು. "ಬನ್ನಿ ಬನ್ನಿ! ಕೆಂಪು ಕಮ್ಮಿಯಾಗಿದೆ!"

ನಿಜಕ್ಕೂ ಮಂಕಾಗಿತ್ತು. ಮರುದಿನ ಮತ್ತಷ್ಟು. ನಾಲ್ಕನೆಯ ದಿನ ಕೆಂಡ ಬೂದಿಯಾಗುವ ಮೊದಲಿನ ಬಣ್ಣ. "ಎಣ್ಣೆ ಈಗ ಒಳಗೆ ಹಿಡಿಯುತ್ತಾ ಉಂಟು" ಎಂದು ಅಪ್ಪ ವಿವರಿಸಿದರು. ಆಸ್ಪತ್ರೆಯಲ್ಲಿ ಜ್ವರ ಇಳಿಯುವುದನ್ನು ದಿನಾ ನೋಡುತ್ತಿದ್ದ ನನಗೂ ಅದು ಸರಿಯೆನಿಸಿತು. ಶುಕ್ರವಾರ ಕೀ ತಿರುಗಿಸಿದಾಗ ದೀಪ ಹೊತ್ತಲೇ ಇಲ್ಲ.

ಅಮ್ಮ ಪಾಯಸ ಮಾಡಿದರು. ಗಾಡಿಗೆ ಮಲ್ಲಿಗೆ ಸುತ್ತಿ, ಮೊದಲು ಮಂಗಳಾದೇವಿಯ ಗುಡಿಗೆ ಹೋಗಿ ಬರುವುದೆಂದು ನಿಶ್ಚಯವಾಯಿತು. ಅಪ್ಪ ಭಾವ ಕಳಿಸಿದ್ದ ದೊಡ್ಡ ಬಿಳಿ ಹೆಲ್ಮೆಟ್ಟು ಹಾಕಿ, ನನ್ನನ್ನು ಹಿಂದೆ ಕೂರಿಸಿಕೊಂಡು, ಬಟನ್ ಒತ್ತಿದರು. ಏನೂ ಆಗಲಿಲ್ಲ. ಇನ್ನೊಮ್ಮೆ ಒತ್ತಿದರು. ಒಳಗೆಲ್ಲೋ ಒಂದು 'ಟಕ್' ಎಂದಿತು, ಅಷ್ಟೆ. ನಾವಿಬ್ಬರೂ ಮಲ್ಲಿಗೆಯ ಪರಿಮಳದಲ್ಲಿ ಹಾಗೆಯೇ ಕುಳಿತಿದ್ದೆವು.

ಕೊನೆಗೆ ಅಪ್ಪ ಇಳಿದು, "ನಡಿ, ಕಂಕನಾಡಿಗೆ" ಎಂದರು. ಅಲ್ಲಿ ಗ್ಯಾರೇಜು ಇಟ್ಟಿದ್ದ ಬ್ಯಾರಿ ಮುಸಲ್ಮಾನರೊಬ್ಬರು ಅಪ್ಪನ ಹಳೆಯ ವಿದ್ಯಾರ್ಥಿ. ಗಾಡಿಯನ್ನು ಅಷ್ಟು ದೂರ ತಳ್ಳಿಕೊಂಡೇ ಹೋದೆವು. ಅಪ್ಪ ಹೆಲ್ಮೆಟ್ಟು ತೆಗೆಯಲಿಲ್ಲ. ನಾನು ಹಿಂದಿನಿಂದ ತಳ್ಳುತ್ತಿದ್ದೆ. ಏರಿನಲ್ಲಿ ಒಬ್ಬ ರಿಕ್ಷಾದವ ನಿಧಾನ ಮಾಡಿ, "ಮಾಸ್ಟ್ರೆ, ತಳ್ಳುವುದಕ್ಕೂ ಹೆಲ್ಮೆಟ್ಟು ಬೇಕಾ?" ಎಂದು ಕೇಳಿದ.

"ಗಾಡಿ ರಸ್ತೆಯಲ್ಲಿ ಉಂಟೋ ಇಲ್ಲವೋ?" ಎಂದರು ಅಪ್ಪ. ಅವನು ಹಾರನ್ ಒತ್ತಿ ಮುಂದೆ ಹೋದ.

ಗ್ಯಾರೇಜಿನವರಿಗೆ ಆಗ ನಲವತ್ತರ ಮೇಲೆ ವಯಸ್ಸು. ಆದರೂ ಅಪ್ಪನನ್ನು ಕಂಡದ್ದೇ ಬೀಡಿ ಬಿಸಾಡಿ ನೆಟ್ಟಗೆ ನಿಂತರು. ಕಥೆಯನ್ನೆಲ್ಲ ಕೇಳಿದರು. ನಗಲಿಲ್ಲ, ನಗದಿರಲು ಅವರು ಪಟ್ಟ ಕಷ್ಟ ಕಾಣುತ್ತಿತ್ತು. ಗಾಡಿಯನ್ನು ಸಿಮೆಂಟಿನ ಸಮನೆಲಕ್ಕೆ ತಂದು ಡಬಲ್ ಸ್ಟ್ಯಾಂಡ್ ಹಾಕಿ, ಕಡ್ಡಿ ತೆಗೆದು ನೋಡಿದರು. ಎಣ್ಣೆ ಮೇಲಿನ ಗೆರೆಯನ್ನೂ ದಾಟಿ ಅರ್ಧ ಕಡ್ಡಿಯವರೆಗೆ ಮೆತ್ತಿತ್ತು.

"ಯಾ ಅಲ್ಲಾ! ಮಾಸ್ಟ್ರೆ, ಇದು ಇಂಜಿನಾ, ಬಾವಿಯಾ? ದೇವರು ದೊಡ್ಡವ, ನೀವು ಸ್ಟಾರ್ಟ್ ಮಾಡದ್ದು ಒಳ್ಳೆಯದೇ ಆಯ್ತು. ಸೀಲೆಲ್ಲ ಒಡೆದು ಹೋಗ್ತಿತ್ತು."

"ನೋಡಿದೆಯಾ ಮತ್ತೆ!" ಎಂದರು ಅಪ್ಪ ನನ್ನ ಕಡೆ ತಿರುಗಿ. ಆಜ್ಞೆ ಪಾಲಿಸಿದ್ದರಿಂದಲೇ ಇಂಜಿನು ಉಳಿಯಿತೆಂಬ ಸಮಾಧಾನ ಅವರಿಗೆ.

ಅಡಿಯ ಬೋಲ್ಟು ಬಿಚ್ಚಿ ಹೆಚ್ಚಿನ ಎಣ್ಣೆ ಇಳಿಸಿದರು. ಎರಡು ಲೀಟರಿಗೆ ಏನೇನೂ ಕಮ್ಮಿಯಿರಲಿಲ್ಲ. ಬ್ಯಾಟರಿ ಸತ್ತಿದೆ, ದೀಪ ಮಂಕಾದದ್ದು ಅದಕ್ಕೇ ಎಂದರು. ಅಪ್ಪನ ಮುಖ ಸಣ್ಣದಾಯಿತು. ಕಾರಿನ ಬ್ಯಾಟರಿಯೊಂದನ್ನು ಪಕ್ಕದಲ್ಲಿಟ್ಟು ವೈರು ಸಿಕ್ಕಿಸಿ ಕೀ ತಿರುಗಿಸಿದರು. ಕೆಂಪು ದೀಪ ಭರ್ಜರಿಯಾಗಿ ಹೊತ್ತಿತು.

"ಬೇಡ! ಒತ್ತಬೇಡ!" ಅಪ್ಪ ಅವರ ಕೈ ಹಿಡಿದರು.

"ಮಾಸ್ಟ್ರೆ, ಕೀ ಹಾಕಿದಾಗ ಅದು ಹೊತ್ತಲೇಬೇಕು. ಹೊತ್ತದಿದ್ದರೆ ಬಲ್ಬು ಹೋಗಿದೆ, ಇಲ್ಲ ಬ್ಯಾಟರಿ ಹೋಗಿದೆ. ಇಂಜಿನು ತಿರುಗಿದ ಮೇಲೆ ಎಣ್ಣೆ ಒತ್ತಡದಲ್ಲಿ ಮೇಲೆ ಹೋಗ್ತದೆ. ಆಗ ತಾನೇ ನಿಲ್ತದೆ. ಆಗಲೂ ನಿಲ್ಲದಿದ್ದರೆ, ಅಥವಾ ಓಡುವಾಗ ಹೊತ್ತಿದರೆ, ಕೂಡಲೇ ಇಂಜಿನು ಬಂದ್ ಮಾಡಬೇಕು. ನಿಮ್ಮ ಅಳಿಯ ಹೇಳಿದ್ದು ಅದನ್ನು."

ಬಟನ್ ಒತ್ತಿದರು. ಇಂಜಿನು ಗುರ್ರೆಂದಿತು. ಎರಡು ಎಣಿಸುವಷ್ಟರಲ್ಲಿ ದೀಪ ಮಾಯ. ಅಪ್ಪ ಬಗ್ಗಿ ಆ ಖಾಲಿ ಗಾಜನ್ನು ಬೆರಳಿನಿಂದ ತಟ್ಟಿ ನೋಡಿದರು.

ಮೂರು ನಿಮಿಷ ಓಡಿಸಿ ಬಂದ್ ಮಾಡಿ, ಎಣ್ಣೆ ಕೆಳಗಿಳಿಯಲಿ ಎಂದು ಗ್ಯಾರೇಜಿನವರು ನಮಗೆ ಚಾ ತರಿಸಿದರು. ಚಾ ಮುಗಿದ ಮೇಲೆ ಕಡ್ಡಿ ಒರೆಸಿ, ತಿರುಪದೆ ಸುಮ್ಮನೆ ತೂತಿನಲ್ಲಿ ಕೂರಿಸಿ, ಎತ್ತಿ ತೋರಿಸಿದರು. ಎರಡು ಗೆರೆಗಳ ನಡುವೆ ಎಣ್ಣೆ ಅಚ್ಚುಕಟ್ಟಾಗಿ ನಿಂತಿತ್ತು.

"ಸೈಡ್ ಸ್ಟ್ಯಾಂಡಲ್ಲಿ ನೋಡಬಾರದು. ಅದು ಸ್ಟ್ಯಾಂಡ್ ಎಟ್ ಈಸ್. ಎಣ್ಣೆ ನೋಡುವಾಗ ಗಾಡಿ ಅಟೆನ್ಶನ್‌ನಲ್ಲಿ ಇರಬೇಕು ಮಾಸ್ಟ್ರೆ."

ಇಷ್ಟು ಹೊತ್ತು ಯಾವುದೂ ತಲೆಗೆ ಹೋಗದವರಂತೆ ನಿಂತಿದ್ದ ಅಪ್ಪ ತಲೆಯಾಡಿಸಿದರು. "ಹಾಗೆ ಹೇಳು ಮತ್ತೆ! ನಿನ್ನನ್ನು ಮೈದಾನಕ್ಕೆ ಸುತ್ತು ಹಾಕಿಸಿದ್ದು ದಂಡವಾಗಲಿಲ್ಲ."

ನನಗೆ ಮಾತ್ರ ನಾಚಿಕೆಯಾಯಿತು. ಲ್ಯಾಬಿನಲ್ಲಿ ದಿನವಿಡೀ ಕೊಳವೆಗಳನ್ನು ಸಮನಾದ ಮೇಜಿನ ಮೇಲಿಟ್ಟು, ಕಣ್ಣಿನ ನೇರಕ್ಕೆ ಬಗ್ಗಿ, ಮಟ್ಟ ಓದುವುದೇ ನನ್ನ ಕೆಲಸ. ಮನೆಗೆ ಬಂದು ಇಳಿಜಾರಿನಲ್ಲಿ ಒರಗಿದ ಗಾಡಿಯ ಎಣ್ಣೆ ಅಳೆದು ಖಾಲಿ ಎಂದು ತೀರ್ಪು ಕೊಟ್ಟವಳೂ ನಾನೇ.

ಭಾವನಿಗೆ ಎಲ್ಲವನ್ನೂ ಬಿಡಿಸಿ ಬರೆದೆ. ಅವರ ಉತ್ತರ ಹೀಗಿತ್ತು: "ಕೀ ಹಾಕಿದಾಗ ಆ ದೀಪ ಹೊತ್ತುತ್ತದಾ? ನಾನು ನೋಡಿಯೇ ಇಲ್ಲ. ಕೀ ತಿರುಗಿಸುವುದೂ ಬಟನ್ ಒತ್ತುವುದೂ ನನಗೆ ಒಂದೇ." ಅಪ್ಪ ಆ ಸಾಲನ್ನು ಎರಡು ಸಲ ಓದಿಸಿ, "ನೋಡದೆಯೇ ಆಜ್ಞೆ ಕೊಟ್ಟದ್ದು" ಎಂದರು. ಆ ಒಂದು ವಿಷಯದಲ್ಲಿ ಅಳಿಯನನ್ನು ಅವರು ಬಹಳ ಕಾಲ ಕ್ಷಮಿಸಲಿಲ್ಲ.

ಇಳಿಸಿದ ಎಣ್ಣೆಯನ್ನು ಗ್ಯಾರೇಜಿನವರು ಡಬ್ಬಿಗೆ ಹಾಕಿ ಕೊಟ್ಟಿದ್ದರು. ಇನ್ನು ಅದು ಇಂಜಿನಿಗೆ ಆಗದು, ಮನೆಯಲ್ಲಿ ಯಾವುದಕ್ಕಾದರೂ ಆದೀತು ಎಂದು. ಅಮ್ಮ ಬಾವಿಯ ರಾಟೆಗೆ, ಗೇಟಿನ ತಿರುಗಣಿಗೆ, ಬಚ್ಚಲಿನ ಬಾಗಿಲಿಗೆ ಧಾರಾಳವಾಗಿ ಹಚ್ಚಿದರು. ಎಷ್ಟೋ ವರ್ಷಗಳಿಂದ ಕಿರುಗುಟ್ಟುತ್ತಿದ್ದ ಮನೆ ಒಂದೇ ದಿನದಲ್ಲಿ ಮೌನವಾಯಿತು.

ಮೂರನೆಯ ದಿನ ಪಕ್ಕದ ಮನೆಯ ಗುಮಾಸ್ತರು ಸಿಟ್ಟಿನಿಂದ ಬಂದರು. ನಮ್ಮ ರಾಟೆಯ ಸದ್ದಿಗೇ ದಿನಾ ಏಳುತ್ತಿದ್ದವರಂತೆ. ಎರಡು ದಿನದಿಂದ ಆಫೀಸಿಗೆ ತಡ. "ನೀರು ಎಳೆಯುವುದು ಬಿಟ್ಟಿದ್ದೀರಾ ಎಂತ?" ಎಂದು ಕೇಳಿದರು.

ಅಮ್ಮ ಸಂಕೋಚದಿಂದ ಕ್ಷಮೆ ಕೇಳಿದರು. ಮರುದಿನದಿಂದ ನೀರು ಎಳೆಯುವಾಗ ಕೊಡವನ್ನು ಬಾವಿಕಟ್ಟೆಗೆ ಎರಡು ಸಲ ಬಡಿಯುವುದೆಂದು ಮಾತಾಯಿತು.